ಮೊದಲು ಕರಗುವ ದುಡ್ಡು

ಹಿತ್ತಾಳೆ ಟೋಕನ್ ಕೌಂಟರಿನ ಕಲ್ಲಿನ ಮೇಲೆ ಬಿದ್ದಾಗಿನ ಠಣ್ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಚಿಕ್ಕೋಡಿಯ ನಮ್ಮ ಸಹಕಾರಿ ಬ್ಯಾಂಕಿನಲ್ಲಿ ಆ ಸದ್ದು ನನ್ನ ಕೌಂಟರಿನಲ್ಲಿ ಕಡಿಮೆ, ಪಕ್ಕದವಳ ಕೌಂಟರಿನಲ್ಲಿ ಹೆಚ್ಚು. ನಾನು ಖಾಲಿ ಕುಳಿತಿದ್ದರೂ ಜನ ಅವಳ ಸಾಲಿನಲ್ಲೇ ನಿಲ್ಲುತ್ತಿದ್ದರು. "ಆ ಬಾಯಾರ ಕಡೆ ಹೋಗಬ್ಯಾಡೋ, ಇಂಗ್ಲಿಷ್‌ನಾಗ ಬೈತಾರ" ಎಂದು ಕಬ್ಬು ಬೆಳೆಯುವ ಗೌಡರೊಬ್ಬರು ಎಲ್ಲರನ್ನೂ ನಗಿಸಿದ್ದು ನನಗೆ ಕೇಳಿಸಿತ್ತು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಅವಳು ದಿಗ್ಗೇವಾಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಗ್ಯಾರಂಟಿಯ ಸ್ಪೆಲಿಂಗ್ ಕೂಡ ಬರುತ್ತಿರಲಿಲ್ಲ. ಆಫೀಸರ್ ಪ್ರಮೋಷನ್ ಮಾತ್ರ ಅವಳಿಗೇ ಸಿಕ್ಕಿತು. ಅವಳು ಹಂಚಿದ ಪೇಢೆಯನ್ನು ಕರ್ಚೀಫಿನಲ್ಲಿ ಸುತ್ತಿ ತಂದು ನಾಯಿಗೆ ಹಾಕಿದೆ.

ಡಿವಿಡೆಂಡ್ ಚೆನ್ನಾಗಿದ್ದುದರಿಂದ ನಾವಿಬ್ಬರೂ ಬ್ಯಾಂಕಿನ ಶೇರು ಕೊಂಡಿದ್ದೆವು. ಮಗಳ ನರ್ಸಿಂಗ್ ಓದಿಗೆಂದು ಅವಳು ಕೈಯ ಚಿನ್ನದ ಬಳೆ, ಪಾಟ್ಲಿಗಳನ್ನೇ ಮಾರಿ ಆ ದುಡ್ಡನ್ನು ಶೇರಿಗೆ ಹಾಕಿದ್ದಳು.

ತೊಂಬತ್ತರ ದಶಕದಲ್ಲಿ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬನಿಗೆ ಕೊಟ್ಟ ದೊಡ್ಡ ಸಾಲ ಮುಳುಗಿತು. ಇಂಗ್ಲಿಷ್ ಬರುತ್ತದೆಂದು ಆಡಿಟರ್ ರಿಪೋರ್ಟ್ ಟೈಪಿಂಗಿಗೆ ನನ್ನ ಮೇಜಿಗೆ ಬಂತು. ಅದರಲ್ಲಿದ್ದ ಕೋರ್ ಕ್ಯಾಪಿಟಲ್ ಎಂದರೆ ಬ್ಯಾಂಕಿನ ಸ್ವಂತ ದುಡ್ಡು: ಸದಸ್ಯರ ಶೇರು, ಲಾಭದಲ್ಲಿ ಎತ್ತಿಟ್ಟ ರಿಸರ್ವ್. ನಷ್ಟವಾದರೆ ಮೊದಲು ಅದೇ ಕರಗಬೇಕು, ಠೇವಣಿದಾರರಿಗೆ ಬಿಸಿ ತಟ್ಟಬಾರದು. ರಿಸರ್ವ್ ಸಾಲದು, ಶೇರಿನ ದುಡ್ಡೂ ಹೋಗುತ್ತದೆ ಎಂದು ಕೊನೆಯ ಪುಟದಲ್ಲಿತ್ತು.

ಮರುದಿನವೇ ಪರ್ಸನಲ್ ರೀಸನ್ ಎಂದು ಬರೆದು ನನ್ನ ಶೇರು ವಾಪಸ್ ಕೇಳಿದೆ. ರಿಪೋರ್ಟ್ ಇನ್ನೂ ನೋಡಿರದ ಆಡಳಿತ ಮಂಡಳಿ ಅರ್ಜಿ ಪಾಸು ಮಾಡಿತು.

ಅದೇ ವಾರ ಅವಳು ನನ್ನ ಮೇಜಿನ ಹತ್ತಿರ ಬಂದಳು. "ಅಕ್ಕಾರ, ಆ ರಿಪೋರ್ಟಿನಾಗ ಏನೈತ್ರಿ? ಅಷ್ಟ್ ಇಂಗ್ಲಿಷ್ ನನಗ ತಿಳಿಯಂಗಿಲ್ಲ."

"ಏನಿಲ್ಲ, ರೂಟೀನ್" ಎಂದೆ. ತಲೆ ಎತ್ತಲಿಲ್ಲ.

ವಾರ್ಷಿಕ ಸಭೆಯಲ್ಲಿ ಗದ್ದಲವೋ ಗದ್ದಲ. "ನಮ್ಮ ಶೇರಿನ ರೊಕ್ಕ ಯಾರ್ ನುಂಗಿದ್ರಿ?" ಎಂದು ಸದಸ್ಯರು ಕುರ್ಚಿ ಎತ್ತಿದರು. ಮ್ಯಾನೇಜರ್ ಬೆವರಿದರು. ಎದ್ದು ನಿಂತವಳು ಅವಳು.

"ಠೇವು ಇಟ್ಟಾವ್ರು ನಮ್ಮನ್ನ ನಂಬಿ ಇಟ್ಟಾರ್ರಿ. ನಾವು ಬ್ಯಾಂಕಿನ ಮಾಲಕರು. ಲಾಭ ಬಂದಾಗ ಡಿವಿಡೆಂಡ್ ತಿಂದೇವಿ, ಈಗ ಲುಕ್ಸಾನ ಅವರ ತಲಿ ಮ್ಯಾಲ ಹಾಕೂದೇನು? ನನ್ನ ಪಾಟ್ಲಿನೂ ಇದರಾಗ ಹೋಗ್ಯಾವ."

"ನಿನ್ನ ಪಾಟ್ಲಿ ಹೋದ್ವು, ಎಮ್ಮಿ ಮಾರಿ ಹಾಕಿದ ನನ್ನ ರೊಕ್ಕ ಹೋತಲ್ಲ ಬೇ!" ಎಂದ ಮುದುಕನೊಬ್ಬ.

"ಡಿವಿಡೆಂಡಿನ ಹಾಲ್ ಕುಡಿದಿಯಲ್ಲೋ ಮಾವಾ, ಇಷ್ಟ್ ವರ್ಷ!"

ಸಭೆ ನಕ್ಕಿತು, ಕುರ್ಚಿಗಳು ಕೆಳಗಿಳಿದವು. ಕಾನ್ವೆಂಟಿನ ಇಂಗ್ಲಿಷಿನಲ್ಲಿ ನಾನು ಓದಿದ್ದನ್ನೇ ಅವಳು ಎರಡು ಮಾತಿನಲ್ಲಿ ಎಲ್ಲರಿಗೂ ತಿಳಿಸಿದ್ದಳು. ನಾಚಿಕೆಯಾಗಬೇಕಿತ್ತು ನನಗೆ. ಆದದ್ದು ಹೊಟ್ಟೆಕಿಚ್ಚು. ಅಷ್ಟೂ ಕಳೆದುಕೊಂಡು ಅವಳು ಇನ್ನೂ ಎತ್ತರಕ್ಕೆ ಹೋದಳು. ನನ್ನ ದುಡ್ಡು ಪೂರ್ತಿ ಉಳಿದಿತ್ತು, ಹಿಂದಿನ ಸಾಲಿನಲ್ಲಿದ್ದ ನನ್ನತ್ತ ಯಾರೂ ತಿರುಗಲಿಲ್ಲ.

ಠೇವಣಿದಾರರಿಗೆ ಒಂದು ಪೈಸೆಯೂ ತಪ್ಪಲಿಲ್ಲ. ಅವಳ ಮಗಳು ಆ ವರ್ಷ ನರ್ಸಿಂಗ್ ಸೇರಲಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ನಾನು ಕೆಲಸ ಬಿಟ್ಟು ಬೆಳಗಾವಿಗೆ ಹೊರಟ ದಿನ, ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ. ರಿಪೋರ್ಟಿನ ವಿಷಯ ಹೇಳಿಬಿಡೋಣ ಎಂದು ಬಾಯಿ ತೆರೆದೆ.

"ಗೊತ್ತೈತ್ರಿ ಅಕ್ಕಾರ" ಎಂದಳು. "ಮಂಡಳಿ ಠರಾವು ಬರಿಯಾಕಿ ನಾನ ಅಲ್ಲೇನ್ರಿ? ನಿಮ್ಮ ಅರ್ಜಿ ನೋಡೇ ಅವತ್ತ ನಿಮ್ಮನ್ನ ಕೇಳಾಕ ಬಂದಿದ್ದೆ."

ಅವಳ ಊರಿನ ಕಡೆಯ ರಾಯಬಾಗದ ಬಸ್ ಬಂತು. ನೆಲದ ಮೇಲಿದ್ದ ನನ್ನ ಚೀಲವನ್ನು ಎತ್ತಿ, ಧೂಳು ಝಾಡಿಸಿ, ಬೆಂಚಿನ ಮೇಲಿಟ್ಟಳು. ಆಮೇಲೆ ಗದ್ದಲದಲ್ಲಿ ನುಗ್ಗಿ ಬಸ್ ಹತ್ತಿದಳು. ಯಾವ ಕಿಟಕಿಯಲ್ಲಿ ಕುಳಿತಳೋ ಕಾಣಲಿಲ್ಲ.