ಮೊದಲು ಕಾಲು, ಆಮೇಲೆ ಗಾಡಿ

ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆಟ್ರೋಲು ಸಿಗದೆ ಕುಷ್ಟಗಿಯಿಂದ ಕೊಪ್ಪಳಕ್ಕೆ ಹೋಗುವ ನಮ್ಮ ಬಸ್ಸು ಇದ್ದಿಲ ಗ್ಯಾಸಿನಿಂದ ಓಡುತ್ತಿತ್ತು. ಹಳ್ಳ ಬಂದರೆ ಅದರ ಡ್ರೈವರ್ ಚಪ್ಪಲಿಯನ್ನು ಸೀಟಿನ ಮೇಲಿಟ್ಟು ನೀರಿಗಿಳಿಯುತ್ತಿದ್ದ. “ಮೊದಲ ನನ್ನ ಕಾಲು ಹೋಗಿ ಬರ್ಲಿ, ಆಮ್ಯಾಲ ಗಾಡಿ” ಎನ್ನುತ್ತಿದ್ದ. ಪಾದ ತೋಯುವಷ್ಟೇ ನೀರಿದ್ದರೂ ಬಿಡುತ್ತಿರಲಿಲ್ಲ. ನನಗೆ ರೇಗುತ್ತಿತ್ತು.

ಒಂದು ಮಳೆಗಾಲದ ಸಂಜೆ, ಹೆರಿಗೆಯಾಗದೆ ಒದ್ದಾಡುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಅವಳ ಗಂಡ, ಅತ್ತೆ ಅದೇ ಬಸ್ಸಿನಲ್ಲಿ ಕೊಪ್ಪಳದ ದವಾಖಾನೆಗೆ ಒಯ್ಯುತ್ತಿದ್ದರು. ಹಳ್ಳ ಕೆಂಪಗೆ ಹರಿಯುತ್ತಿತ್ತು. ಅವನು ದಾಟಿ, ತಿರುಗಿ ಬಂದ. ತೊಡೆಯವರೆಗೂ ತೊಯ್ದಿದ್ದ.

“ಆಕಿ, ಆಕಿ ಅತ್ತಿ ಇಬ್ರ ಗಾಡ್ಯಾಗ ಇರ್ಲಿ. ಉಳಿದವ್ರು ಇಳೀರಿ.”

ನಾವು ದಡದಲ್ಲಿ ನಿಂತೆವು. ನಡುನೀರಿನಲ್ಲಿ ಇಂಜಿನ್ನು ಕೆಮ್ಮಿತು, ಬಸ್ಸು ಪಕ್ಕಕ್ಕೆ ಸರಿಯಿತು. ಆಕೆಯ ಗಂಡ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡ. ಬಸ್ಸು ಆಚೆ ದಡ ಹತ್ತುವವರೆಗೂ ಬಿಡಲಿಲ್ಲ.

ಮುಂದೊಂದು ದಿನ ಅದೇ ಹಳ್ಳದಲ್ಲಿ ನೀರು ಅವನ ಮೊಣಕಾಲಿಗಿಂತ ತುಸು ಮೇಲಿತ್ತು. ಅವನು ಹೊರಗೆ ಬಂದು ಬಂಡೆಯ ಮೇಲೆ ಕುಳಿತುಬಿಟ್ಟ. ಸಂತೆಗೆ ಹೊರಟಿದ್ದ ವ್ಯಾಪಾರಿಯೊಬ್ಬ ಸಿಟ್ಟಾದ. “ಅವತ್ತ ಇದಕಿಂತ ಹೆಚ್ಚಿಗಿ ನೀರಿತ್ತು, ದಾಟಿಸಿದಿ. ಇವತ್ಯಾಕ ಅಂಜ್ತಿ?”

“ಅವತ್ತೂ ಅಂಜಿದ್ನಿರಿ” ಎಂದ ಡ್ರೈವರ್. “ಆದ್ರ ಆಕಿಗೆ ಕಾಯಾಕ ಆಗ್ತಿದ್ದಿಲ್ಲ. ನಿಮಗ ಆಗ್ತೈತಿ.”