ಎರಡನೇ ಸಲ ತಟ್ಟಿದ ಬಾಗಿಲು

ಆ ಬಂದರಿನ ಪತ್ರಿಕೆಯಲ್ಲಿ ಹೆಂಗಸೊಬ್ಬಳು ವರದಿಗಾರ್ತಿಯಾಗಿ ಕಾಲಿಟ್ಟದ್ದು ಅದೇ ಮೊದಲು. ಬಂದವಳಿಗೆ ಹೊಲಿಗೆ, ಮನೆಮದ್ದಿನ ಪುಟ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಅವಳೋ, ಕೊಟ್ಟ ಪುಟವನ್ನು ಬೆಳಗ್ಗೆಯೇ ಮುಗಿಸಿ ಮೀನಿನ ಮಾರುಕಟ್ಟೆಗೆ ಹೊರಟುಬಿಡುತ್ತಿದ್ದಳು. ಸುಮ್ಮನೆ ಕೂರುವ ಜಾಯಮಾನವೇ ಅಲ್ಲ ಅದು.

ಅವಳದೊಂದು ಹಟವಿತ್ತು. ಯಾರ ಮಾತು ಬರೆದರೂ ಅಚ್ಚಿಗೆ ಕೊಡುವ ಮುನ್ನ ಅವರ ಮನೆಗೇ ಹೋಗಿ ಓದಿ ಹೇಳಬೇಕು, ಅವರು "ಹೌದು, ನನ್ನದೇ ಮಾತು" ಅನ್ನಬೇಕು. ಕಚೇರಿಯವರು ಪಾಠದಮ್ಮ ಎಂದು ಅಡ್ಡಹೆಸರಿಟ್ಟು ನಕ್ಕರು. ನಗಲಿ ಬಿಡಿ, ಆಡದ ಮಾತನ್ನು ಆಡಿಸಿ ಬರೆಯುವವರಿಗೆ ನಗು ಬಿಟ್ಟು ಇನ್ನೇನು ಬರುತ್ತದೆ?

ಆಗ ಊರಿನ ಮಂಜುಗಡ್ಡೆ ಕಾರ್ಖಾನೆಗಳು ಒಂದೊಂದಾಗಿ ಕೆಟ್ಟು ಕೂರುತ್ತಿದ್ದವು. ಕೆಟ್ಟದ್ದನ್ನೆಲ್ಲ ಒಂದೇ ಕಂಪನಿ ಕೊಂಡು ನುಂಗಿ ನೀರು ಕುಡಿಯುತ್ತಿತ್ತು. ಮಂಜುಗಡ್ಡೆಯಿಲ್ಲದೆ ಮೀನು ಸಂಜೆಯವರೆಗೂ ನಿಲ್ಲದು. ಮೀನುಗಾರರ ಜುಟ್ಟು ಪೂರ್ತಿ ಕಂಪನಿಯ ಕೈಗೆ ಹೋಯಿತು. ಇದೆಲ್ಲ ಹೇಗಾಯಿತೆಂದು ಕೇಳಿದರೆ ಎಲ್ಲರ ಬಾಯಿಗೂ ಬೀಗ. ಪಾಠದಮ್ಮ ಕಂಪನಿಯ ಕೆಲಸಗಾರರ ಬೀದಿಯಲ್ಲಿ ಒಂದು ಮನೆಯನ್ನೂ ಬಿಡದೆ ಕೇಳಿಕೊಂಡು ಬಂದಳು. ಅದರಲ್ಲಿ ಅವಳ ಅಕ್ಕನ ಮನೆಯೂ ಇತ್ತು. ಮನೆಯವರ ಮಾತು ಮೀರಿ ಅಕ್ಕ ಮದುವೆಯಾದಾಗಿನಿಂದ ಅಕ್ಕತಂಗಿಯರ ನಡುವೆ ಹೋಗಿಬರುವುದೇ ನಿಂತಿತ್ತು. ಬಾಯಿಬಿಟ್ಟವನು ಆ ಭಾವನೇ, ಕಂಪನಿಯ ಮೆಕ್ಯಾನಿಕ್.

"ರಿಪೇರಿಗೆ ಅಂತ ಬೇರೆಯವರ ಕಾರ್ಖಾನೆಗೆ ಕಳಿಸೋರು. ಕೆಡಿಸಿ ಬಾ ಅನ್ನೋರು. ಕೆಡಿಸಿ ಬಂದೆ," ಎಂದ.

ಬರೆದು ಮುಗಿಸಿ, ಪದ್ಧತಿಯಂತೆ ಅವಳು ಮತ್ತೆ ಹೋಗಿ ಓದಿದಳು. ಅಕ್ಕ ಒಲೆಯ ಪಕ್ಕ ನಿಂತು ಕೇಳಿಸಿಕೊಂಡಳು. ಭಾವ ತಲೆ ತಗ್ಗಿಸಿ ಕೇಳಿ, "ಹೌದು, ನನ್ನದೇ ಮಾತು. ಹೆಸರೂ ಹಾಕಮ್ಮ," ಎಂದ. ಮಾರನೆಯ ದಿನ ಕೆಲಸಕ್ಕೆ ಹೋದವನು ಹೆಣವಾಗಿ ಬಂದ. ಮಂಜುಗಡ್ಡೆ ಯಂತ್ರದ ಪೈಪಿನಿಂದ ಗ್ಯಾಸ್ ಸೋರಿತು ಎಂದರು ಕಂಪನಿಯವರು. ಜೀವಮಾನವೆಲ್ಲ ಆ ಪೈಪುಗಳ ನಡುವೆಯೇ ಕಳೆದವನಿಗೆ ಗ್ಯಾಸ್ ಸೋರಿದ್ದು ತಿಳಿಯಲಿಲ್ಲವಂತೆ! ಯಾರ ಕಿವಿಗೆ ಹೂವಿಡುತ್ತಾರೆ ಇವರು?

ಸಂಪಾದಕ ಕೈ ತೊಳೆದುಕೊಳ್ಳಲು ನೋಡಿದ. ನಾಳೆ ಕೇಸಾಗಿ, ಸತ್ತವನು ಹೇಳಿದ್ದ ಎಂದರೆ ಕೋರ್ಟು ನಂಬದು, ಕೇಳಿಸಿಕೊಂಡವರು ಇನ್ನೊಬ್ಬರು ಬೇಕು ಎಂದ. ಬೇರೆ ದಾರಿ ಕಾಣದೆ ಅವಳು ಅಕ್ಕನ ಮುಂದೆ ಹೋಗಿ ನಿಂತಳು.

ಅಕ್ಕ ಅಳಲಿಲ್ಲ. "ಮೊದಲನೇ ಸಲ ಎಲ್ಲರ ಮನೆಗೂ ಹೋದೆ, ಯಾರು ಹೇಳಿದ್ರು ಅಂತ ಯಾರಿಗೂ ಗೊತ್ತಾಗಲಿಲ್ಲ. ಎರಡನೇ ಸಲ ನಮ್ಮನೆಗೆ ಮಾತ್ರ ಬಂದೆ. ಎದುರುಗಡೆ ಕಂಪನಿ ವಾಚ್‌ಮನ್ ಕೂತಿದ್ದ, ನೋಡ್ದ."

ಎಲ್ಲರ ಮಾತನ್ನೂ ತೂಗಿ ನೋಡುವ ಪಾಠದಮ್ಮನಿಗೆ ಇದೊಂದು ಹೊಳೆದಿರಲಿಲ್ಲ.

"ಅವರದೇ ಮಾತು ಅದು, ನಾನೂ ಕೇಳಿಸಿಕೊಂಡಿದ್ದೀನಿ. ಕೋರ್ಟಿಗೂ ಬಂದು ಹೇಳ್ತೀನಿ. ಬರ್ಕೋ," ಎಂದಳು ಅಕ್ಕ. "ಆದ್ರೆ ಇದನ್ನ ಓದಿ ಹೇಳೋಕೆ ಬರಬೇಡ. ಇನ್ನು ಯಾವತ್ತೂ ಬರಬೇಡ."

ವರದಿ ಅಚ್ಚಾಯಿತು. ಕಾರ್ಖಾನೆ ಕಳೆದುಕೊಂಡವರು ಹಾಕಿದ ಕೇಸು ವರ್ಷಗಟ್ಟಲೆ ಎಳೆದು, ಕೊನೆಗೆ ಕಂಪನಿ ನುಂಗಿದ್ದನ್ನು ಕಕ್ಕಬೇಕಾಯಿತು. ಅಕ್ಕ ಸಾಕ್ಷಿ ಹೇಳಿದಳು, ತಂಗಿಯ ಕಡೆ ತಿರುಗಿಯೂ ನೋಡದೆ ಹೋದಳು.

ಆಮೇಲೆ ಪಾಠದಮ್ಮ ಯಾವ ಬೀದಿಗೆ ಹೋದರೂ ಎರಡನೇ ಸಲವೂ ಎಲ್ಲ ಬಾಗಿಲುಗಳನ್ನೂ ತಟ್ಟುತ್ತಿದ್ದಳು. ಏನೂ ಹೇಳದವರ ಮನೆಯಲ್ಲೂ ಅಷ್ಟೇ ಹೊತ್ತು ಕೂತು, ನೀರು ಕುಡಿದು ಏಳುತ್ತಿದ್ದಳು. ಮಂಡಿ ನೋವು ಬಂದ ಮೇಲೂ ಬಿಡಲಿಲ್ಲ. ಅಕ್ಕನ ಬೀದಿಯಲ್ಲಿ ಮಾತ್ರ ಒಂದು ಬಾಗಿಲು ದಾಟಿ ಮುಂದಿನದನ್ನು ತಟ್ಟುತ್ತಿದ್ದಳು.