ಏಕಾದಶಿಯ ಗುಳಿಗೆ

1976ರಲ್ಲಿ ನಾನು ಮುದ್ದೇಬಿಹಾಳದ ಸರ್ಕಾರಿ ದವಾಖಾನೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ವಯಸ್ಸು ಇಪ್ಪತ್ತೆಂಟು, ಕ್ವಾರ್ಟರ್ಸಿನಲ್ಲಿ ಒಬ್ಬನೇ. ಸಂಜೆ ಓಪಿಡಿ ಮುಗಿದರೆ ಮರುದಿನ ಬೆಳಗಿನವರೆಗೆ ಮಾತಿಗೊಬ್ಬರು ಸಿಗುತ್ತಿರಲಿಲ್ಲ. ಆ ಬೇಸರ ಎಷ್ಟಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ ಯಮುನಾಬಾಯಿ ಆಗ ಎದೆನೋವೆಂದು ಬರತೊಡಗಿದರು. ಊರಿಗೆಲ್ಲ ಅವರು ಅಕ್ಕೋರು. ನಲವತ್ತಾರರ ವಿಧವೆ, ಮಕ್ಕಳಿಲ್ಲ. ನೋವು ಎದೆಯ ನಟ್ಟನಡುವೆ, ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಕಾಡುತ್ತಿತ್ತು. ಅವರು ತೆಗೆದುಕೊಳ್ಳುತ್ತಿದ್ದ ಔಷಧಿ ಒಂದೇ, ಕೀಲುನೋವಿಗೆ ನಾನು ಬರೆದ ಆಸ್ಪಿರಿನ್. "ಒಂದ ದಿನಾನೂ ತಪ್ಪಸಬ್ಯಾಡ್ರಿ" ಎಂದು ತಾಕೀತು ಮಾಡಿದ್ದೆ.

ಬಿಜಾಪುರಕ್ಕೆ ಕಳಿಸಿ ಇಸಿಜಿ ಮಾಡಿಸಿದೆ. ಹೃದಯ ಗಟ್ಟಿಯಾಗಿದೆ ಎಂದು ಬಂತು. ಹೃದಯವಲ್ಲದಿದ್ದರೆ ಮನಸ್ಸು, ನನ್ನ ಬುದ್ಧಿ ಓಡಿದ್ದು ಅಷ್ಟೇ ದೂರ. ಚೀಟಿಯಲ್ಲಿ 'ಒಂಟಿತನದ ನೋವು' ಎಂದು ಬರೆದೆ. ಇಂಡಿ ಊರಿನಿಂದ ಬಂದ ಅವರ ಅಣ್ಣನಿಗೂ, ಇವರನ್ನು ಒಬ್ಬರೇ ಬಿಡಬೇಡಿ ಎಂದು ದೊಡ್ಡ ಡಾಕ್ಟರರ ಗತ್ತಿನಲ್ಲಿ ಹೇಳಿದೆ. ತನ್ನ ಮನೆಗೇ ಬಂದಿರಬೇಕೆಂದು ಅಣ್ಣ ಪಟ್ಟು ಹಿಡಿದ. ಅಕ್ಕೋರು ನೌಕರಿಗೆ ರಾಜೀನಾಮೆ ಕೊಟ್ಟರು.

ಅವರು ಹೊರಟ ದಿನ ಬಸ್ ಸ್ಟ್ಯಾಂಡಿಗೆ ಹೋದೆ. ಟ್ರಂಕು ಬಸ್ಸಿನ ಮೇಲೇರಿತ್ತು. ಕಿಟಕಿಯ ಕೆಳಗೆ ಇಪ್ಪತ್ತು ಹುಡುಗಿಯರು ಅಳುತ್ತಿದ್ದರು. ದಿನಾ ಸಂಜೆ ಅವರ ಮನೆಯಲ್ಲೇ ಓದಿ, ಜಗಳಾಡಿ, ಅವಲಕ್ಕಿ ತಿಂದು ಹೋಗುತ್ತಿದ್ದವರಂತೆ. ನಾನು ಅದನ್ನು ಕೇಳಿಯೇ ಇರಲಿಲ್ಲ.

"ಗುಳಿಗಿ ಬಿಡಬ್ಯಾಡ್ರಿ ಅಕ್ಕೋರ" ಎಂದೆ.

"ಎಲ್ಲಿ ಬಿಟ್ಟೇನ್ರಿ ಡಾಕ್ಟರ? ಏಕಾದಶಿಗೂ ತಪ್ಪಿಸಿಲ್ಲ. ಅವತ್ತ ನೀರ ಮುಟ್ಟಂಗಿಲ್ಲಲ್ರಿ, ಹಂಗ ಒಣಾದ ನುಂಗಿ ಮಲಕ್ಕೋತೇನಿ."

ಆಗ ನನಗೆ ಹೊಳೆಯಿತು. ನೀರಿಲ್ಲದೆ ನುಂಗಿದ ಆಸ್ಪಿರಿನ್ ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡುತ್ತದೆ. ಆ ನೋವು ಥೇಟು ಹೃದಯದ ನೋವಿನಂತೆಯೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಬರುವುದು ಏಕಾದಶಿ ಎಂಬುದು ಊರಿನ ಮಕ್ಕಳಿಗೂ ಗೊತ್ತಿತ್ತು.

ಎಲ್ಲ ವಿವರಿಸಿ, "ತಪ್ಪು ನಂದರಿ, ಇಳೀರಿ" ಎಂದೆ.

"ಇಳದು ಎಲ್ಲಿ ಹೋಗ್ಲಿ? ನನ್ನ ಜಾಗಾಕ್ಕ ಸಿಂದಗಿಯಿಂದ ಬ್ಯಾರೆ ಟೀಚರು ಬಂದಾತು" ಎಂದರು. ಸಿಟ್ಟಿರಲಿಲ್ಲ. "ನಾ ಒಬ್ಬಾಕಿ ಅದೇನಿ ಅಂತ ನನಗ ಎಂದೂ ಅನಿಸಿದ್ದಿಲ್ರಿ. ನೀವು ಹೇಳಿದ್ರಿ, ಎಲ್ಲಾರೂ ನಂಬಿದ್ರು."

ಬಸ್ಸು ಹೋಯಿತು. ಹುಡುಗಿಯರು ಕೈ ಕೈ ಹಿಡಿದು ಮನೆಗೆ ಹೊರಟರು, ನಾನು ಕ್ವಾರ್ಟರ್ಸಿಗೆ.

ಆಮೇಲಿನ ಮೂವತ್ತು ವರ್ಷ, ಗುಳಿಗೆ ಹೇಗೆ ನುಂಗುತ್ತೀರಿ ಎಂದು ಕೇಳದೆ ಯಾರನ್ನೂ ಕಳಿಸಲಿಲ್ಲ. ಇನ್ನೊಂದನ್ನು ಒಪ್ಪಿಕೊಳ್ಳಲು ಹೆಚ್ಚು ಕಾಲ ಹಿಡಿಯಿತು: ಆ ಚೀಟಿಯಲ್ಲಿ ಅಕ್ಕೋರ ಹೆಸರಿನ ಕೆಳಗೆ ನಾನು ಬರೆದದ್ದು ನನ್ನ ಕಾಯಿಲೆಯನ್ನು.